ಕಿಲ್ಟ್ ಆಮೇಲೆ ತಗೊಳ್ಳಿ, ಮೊದಲು ಯಾರ ಜೊತೆ ಉಡ್ತೀರ ಅಂತ ನೋಡ್ಕೊಳ್ಳಿ

ಪ್ರತಿ ವರ್ಷ ಸೆಪ್ಟೆಂಬರಲ್ಲಿ ನಮ್ಮೂರ ಕಡೆಯಿಂದ ಸ್ಕಾಟ್ಲೆಂಡಿನ ಗ್ಲಾಸ್ಗೋ, ಎಡಿನ್‌ಬರಾಗೆ ಹೊಸಬರು ಬಂದಿಳೀತಾರೆ, ಡಿಸೆಂಬರ್ ಹೊತ್ತಿಗೆ ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗೋದು ನೋಡಿ ಎಲ್ರಿಗೂ ಒಂದೇ ಥರ ಮಂಕು ಹಿಡಿಯತ್ತೆ, ಆಮೇಲೆ ಶುರು ನನಗೆ ಫೋನು. ಈ ಸಲ ಮೂರು ಕಡೆಯಿಂದ ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಬಂತು, ಇಲ್ಲಿಯವರ ಬಳಗಕ್ಕೆ ಸೇರೋದು ಹೆಂಗೆ ಅಂತ. ಎಂ.ಎಸ್ಸಿ ಮಾಡ್ತಿರೋ ಹುಡುಗ ಒಬ್ಬ ಎಡಿನ್‌ಬರಾ ರಾಯಲ್ ಮೈಲಲ್ಲಿ ನಲವತ್ತು ಪೌಂಡ್ ಕೊಟ್ಟು ಕಿಲ್ಟ್, ಅಂದ್ರೆ ಇಲ್ಲಿನ ಗಂಡಸರು ಉಡೋ ನಿರಿಗೆಯ ಚೌಕಳಿ ಲಂಗ, ತಗೊಂಡು ಬೀರೂಲಿ ಇಟ್ಟಿದಾನೆ, ಎಲ್ಲಿ ಉಡೋದು ಅಂತ ಗೊತ್ತಿಲ್ಲ. ಇನ್ವರ್ನೆಸ್ಸಲ್ಲಿ ನರ್ಸ್ ಆಗಿರೋ ಹೆಣ್ಣುಮಗಳು ಒಬ್ಬಳು, ಡ್ಯೂಟಿ ಬಿಟ್ರೆ ಮಾತಾಡೋಕೆ ಯಾರೂ ಇಲ್ಲ ಅಣ್ಣ, ಇಲ್ಲಿಯವರ ಜೊತೆ ಬೆರೆಯೋದು ಹೆಂಗೆ ಅಂದ್ಲು. ಮೂರನೇದು ಗಂಡ ಹೆಂಡತಿ, ಇಬ್ಬರು ಮಕ್ಕಳು. ಇಲ್ಲಿನ ಸ್ಕೂಲಲ್ಲಿ ಕ್ರಿಸ್ಮಸ್‌ಗೆ ಮುಂಚೆ ಪಿ.ಟಿ ಪೀರಿಯಡಲ್ಲೇ ಸ್ಕಾಟಿಷ್ ಡಾನ್ಸ್ ಹೇಳಿಕೊಡ್ತಾರೆ, ಹಂಗಾಗಿ ಮಕ್ಕಳು ಮನೆ ಹಾಲಲ್ಲಿ ಗೇ ಗಾರ್ಡನ್ಸ್ ಕುಣೀತವೆ, ಅಪ್ಪ ಅಮ್ಮ ಸೋಫಾ ಮೇಲೆ ಕೂತು ಪಿಳಿಪಿಳಿ ನೋಡ್ತಾರೆ.

ನಂದೂ ಅನುಭವ ಹೇಳಿಬಿಡ್ತೀನಿ, ಯಾಕಂದ್ರೆ ನಾನು ಈ ಕಿಲ್ಟಿನ ಲೋಕಕ್ಕೆ ಬಂದಿದ್ದೇ ಗಂಡಸರ ಟಾಯ್ಲೆಟ್ ಮೂಲಕ. ಆಫೀಸಲ್ಲಿ ಒಬ್ಬರ ಮದುವೆ, ಬಾಡಿಗೆ ಕಿಲ್ಟ್, ಅಂಗಡಿಯವರು ಫೋನಲ್ಲಿ ಸೊಂಟದಳತೆ ಕೇಳಿದ್ರು, ನಾನು ಜೀನ್ಸ್ ಸೈಜ್ ಹೇಳಿದೆ, ಅವರೂ ಮರುಮಾತಾಡದೆ ಬರ್ಕೊಂಡ್ರು. ಕಿಲ್ಟನ್ನ ಹೊಕ್ಕಳ ಮಟ್ಟಕ್ಕೆ ಉಡ್ಬೇಕು, ಅಲ್ಲಿನ ಸುತ್ತಳತೆ ಬೇರೆ, ಜೀನ್ಸಿಗಿಂತ ಎರಡು ಮೂರು ಇಂಚು ಜಾಸ್ತಿನೇ ಇರತ್ತೆ. ನಾನು ಹುಟ್ಟಿದಾಗಿಂದ ಪಂಚೆ ಲುಂಗಿ ಉಟ್ಟೋನು, ಸೊಂಟದ ಮೂಳೆ ಮೇಲೆ ಕೂರಿಸಿದೆ. ಮಂಡಿ ಮಧ್ಯಕ್ಕೆ ನಿಲ್ಬೇಕಾದ್ದು ಮೊಣಕಾಲು ದಾಟಿ ಜೋತಾಡ್ತಿತ್ತು. ಸಾಲದ್ದಕ್ಕೆ ನಿರಿಗೆ ಮುಂದಕ್ಕೆ ಬಂದಿತ್ತು, ಪಂಚೆ ಅಭ್ಯಾಸ ನೋಡಿ. ಕೈ ತೊಳೆಯೋಕೆ ಹೋದಾಗ ಎಪ್ಪತ್ತು ದಾಟಿದ ತಾತ ಒಬ್ಬರು ನನ್ನನ್ನ ಮೇಲಿಂದ ಕೆಳಗೆ ನೋಡಿದ್ರು, ಒಂದು ಮಾತಾಡ್ಲಿಲ್ಲ, ಬಕಲ್ ಬಿಚ್ಚಿದ್ರು, ನಿರಿಗೆ ಹಿಂದಕ್ಕೆ ತಿರುಗಿಸಿದ್ರು, ಉಸಿರು ಒಳಗೆ ಎಳ್ಕೋ ಅಂದ್ರು, ಪಕ್ಕೆಲುಬಿನ ಹತ್ರ ತಂದು ಬಿಗಿದ್ರು. ಕಿಲ್ಟ್ ಪಿನ್ನನ್ನ ನಾನು ಎರಡೂ ಪದರ ಸೇರಿಸಿ ಚುಚ್ಚಿದ್ದೆ, ಅದನ್ನ ಬಿಚ್ಚಿ ಮೇಲಿನ ಪದರಕ್ಕೆ ಮಾತ್ರ ಹಾಕಿದ್ರು, ಇಲ್ಲಾಂದ್ರೆ ಕೂತಾಗ ಹರಿಯತ್ತೆ ಅಂತ. ಆಗ್ಲೇ ಸ್ವಲ್ಪ ಹರಿದಿತ್ತು ಅನ್ನೋದು ಬೇರೆ ವಿಷಯ, ಡಿಪಾಸಿಟ್ಟಲ್ಲಿ ಮುರ್ಕೊಂಡ್ರು. ಹೊರಡುವಾಗ ತಾತ ಹೇಳಿದ್ದು ಒಂದೇ ಮಾತು, ಗುರುವಾರ ಸಂಜೆ ಏಳೂವರೆಗೆ ಚರ್ಚ್ ಹಾಲಿಗೆ ಬಾ, ಮೆತ್ತನೆ ಶೂ ಹಾಕ್ಕೊಂಡು.

ಅದಕ್ಕೇ ಹೇಳ್ತಿರೋದು, ಕಿಲ್ಟ್ ಅನ್ನೋದು ಒಂದೇ ಬಟ್ಟೆ ಆದ್ರೂ ಅದನ್ನ ಉಡೋ ಗುಂಪುಗಳು ಬೇರೆ ಬೇರೆ. ಕೆಲವರಿಗೆ ಅದು ಯೂನಿಫಾರ್ಮು, ಕೆಲವರಿಗೆ ಕುಣಿಯೋ ಬಟ್ಟೆ, ಕೆಲವರಿಗೆ ಮ್ಯಾಚ್ ದಿನದ ಜರ್ಸಿ ಇದ್ದಂಗೆ, ಇನ್ನು ಕೆಲವರಿಗೆ ಮನೆತನದ ಬಾವುಟ. ಮೊದಲು ಗುಂಪು ಆರಿಸ್ಕೊಂಡ್ರೆ ಕಿಲ್ಟ್ ತಾನಾಗೇ ತೀರ್ಮಾನ ಆಗತ್ತೆ. ಉಲ್ಟಾ ಮಾಡಿದ್ರೆ ನಮ್ಮ ಎಂ.ಎಸ್ಸಿ ಹುಡುಗನ ಕಥೆ.

ಯಾವುದನ್ನ ನೋಡಿ ಅಳೀಬೇಕು

ನಾನು ಐದು ವಿಷಯ ನೋಡ್ತೀನಿ. ಮೊದಲ್ನೇದು, ಯಾರ ಪರಿಚಯಾನೂ ಇಲ್ದೆ ಬಾಗಿಲು ತಳ್ಳಿ ಒಳಗೆ ಹೋಗ್ಬಹುದಾ. ಎರಡನೇದು, ಕಿಲ್ಟ್ ಯಾರು ಕೊಡಿಸ್ತಾರೆ, ಅಂದ್ರೆ ನಿಮ್ಮ ಜೇಬಿಗೆ ಎಷ್ಟು ಕತ್ತರಿ. ಮೂರನೇದು ವಾರಕ್ಕೆ ಎಷ್ಟು ಸಂಜೆ ಕೊಡ್ಬೇಕು, ಇದು ಹಗಲು ರಾತ್ರಿ ಶಿಫ್ಟ್ ಇರೋ ಕೆಲಸದವರಿಗೆ ಬಹಳ ಮುಖ್ಯ. ನಾಲ್ಕು, ಊಟ ಕುಡಿತದ ವಿಚಾರ: ನೀವು ಕುಡಿಯಲ್ಲ, ಮಾಂಸ ತಿನ್ನಲ್ಲ ಅಂದ್ರೆ ಸುಮ್ನೆ ಮೂಲೇಲಿ ಕೂರೋ ಪರಿಸ್ಥಿತಿ ಬರತ್ತಾ. ಐದನೇದೇ ನನ್ನ ಪ್ರಕಾರ ನಿಜವಾದ ಪರೀಕ್ಷೆ. ಮೂರು ವಾರ ನೀವು ಕಾಣಿಸ್ಲಿಲ್ಲ ಅಂದ್ರೆ ಯಾರಾದ್ರೂ ಫೋನ್ ಮಾಡಿ ಹುಷಾರಾಗಿದೀಯಾ ಅಂತ ಕೇಳ್ತಾರಾ? ಕೇಳಿದ್ರೆ ಅದು ಬಳಗ, ಇಲ್ಲಾಂದ್ರೆ ಅದು ಬರೀ ಪ್ರೋಗ್ರಾಮು.

ಕೇಲಿ

ಸುಲಭದ್ದು ಮೊದಲು. ಬರೆಯೋದು ಹೆಂಗೋ ಬರೀತಾರೆ, ಬಾಯಲ್ಲಿ ಹೇಳೋದು ಕೇಲಿ ಅಂತ, ಎಲ್ರೂ ಸೇರಿ ಕುಣಿಯೋ ಸಂಜೆ. ಒಂದು ಬ್ಯಾಂಡು, ಒಂದು ದೊಡ್ಡ ಹಾಲ್, ಮೈಕ್ ಹಿಡಿದು ಹೆಜ್ಜೆ ಕೂಗಿ ಹೇಳೋನು ಒಬ್ಬ. ಹತ್ತು ಹದಿನೈದು ಪೌಂಡ್ ಟಿಕೆಟ್ಟು, ಯಾರು ಬೇಕಾದ್ರೂ ಹೋಗ್ಬಹುದು, ಹೆಜ್ಜೆ ಗೊತ್ತಿಲ್ದೇ ಇರೋರೇ ಅರ್ಧ ಜನ, ತಪ್ಪಿದ್ರೆ ಎಲ್ರೂ ನಗ್ತಾರೆ ನೀವೂ ನಗ್ತೀರ, ಸ್ಟ್ರಿಪ್ ದಿ ವಿಲ್ಲೋ ಅನ್ನೋ ಡಾನ್ಸ್ ಬಂದಾಗ ಮಾತ್ರ ಹುಷಾರು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಗಿರಗಿಟ್ಲೆ ಥರ ಎಸೀತಾರೆ, ನಾನೊಂದ್ಸಲ ಎದುರು ಸಾಲಿನ ಹೆಂಗಸಿನ ಕಾಲು ತುಳಿದು ಅವರೇ ಸಾರಿ ಕೇಳೋ ಥರ ಆಯ್ತು. ಕಿಲ್ಟ್ ಕಡ್ಡಾಯ ಅಲ್ಲ. ನಲವತ್ತು ಪೌಂಡಿನದ್ದು ಉಟ್ಕೊಂಡು ಹೋದ್ರೂ ಯಾರೂ ತಿರುಗಿ ನೋಡಲ್ಲ.

ಆದ್ರೆ ಮುಂದಿನ ವಾರ ಹೋದ್ರೆ ಬೇರೇನೇ ಜನ. ಪ್ರವಾಸಿಗರು, ಬರ್ತ್‌ಡೇ ಗುಂಪುಗಳು. ಫೋಟೋ ಚೆನ್ನಾಗಿ ಬರತ್ತೆ, ಬೆವರು ಚೆನ್ನಾಗಿ ಬರತ್ತೆ, ಸ್ನೇಹ ಬರೋದು ಕಷ್ಟ. ಐದನೇ ಪರೀಕ್ಷೇಲಿ ಇದು ಫೇಲು. ಕಿಲ್ಟ್ ಉಟ್ಟು ನಡೆಯೋ ಸಂಕೋಚ ಬಿಡೋಕೆ ಮಾತ್ರ ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಕಂಟ್ರಿ ಡಾನ್ಸ್ ಕ್ಲಾಸು

ತಾತ ಕರೆದಿದ್ದು ಇಲ್ಲಿಗೆ. ಕೇಲಿ ಅನ್ನೋದು ಗಣೇಶನ ಮೆರವಣಿಗೆ ಕುಣಿತ ಆದ್ರೆ ಇದು ಕೋಲಾಟ. ಎದುರುಬದುರು ಎರಡು ಸಾಲು, ಸಾಮಾನ್ಯವಾಗಿ ನಾಲ್ಕು ಜೋಡಿಯ ಒಂದು ಸೆಟ್ಟು, ಯಾರು ಯಾವಾಗ ಯಾರ ಬೆನ್ನ ಹಿಂದೆ ಹಾದು ಎಲ್ಲಿ ಬಂದು ನಿಲ್ಬೇಕು ಅನ್ನೋ ಲೆಕ್ಕ. ಕುಣಿತದ ಬಗೆ ಅಂದ್ರೆ ರೀಲು, ಜಿಗ್ಗು, ನಿಧಾನದ್ದು ಸ್ಟ್ರಾತ್‌ಸ್ಪೇ. ರಾಯಲ್ ಸ್ಕಾಟಿಷ್ ಕಂಟ್ರಿ ಡಾನ್ಸ್ ಸೊಸೈಟಿ ಅಂತ ಒಂದಿದೆ, 1923ರಲ್ಲಿ ಗ್ಲಾಸ್ಗೋದಲ್ಲಿ ಜೀನ್ ಮಿಲಿಗನ್, ಇಸೊಬೆಲ್ ಸ್ಟುವರ್ಟ್ ಅನ್ನೋ ಇಬ್ಬರು ಹೆಂಗಸರು ಶುರು ಮಾಡಿದ್ದು, ಹಳೇ ಕುಣಿತ ಮರೆತು ಹೋಗ್ತಿದೆ ಅಂತ. ಈಗ ಲಂಡನ್, ಟೊರಾಂಟೊ, ಟೋಕಿಯೋ ಎಲ್ಲ ಕಡೆ ಶಾಖೆ ಇದೆ. ಇದರ ಬೆಲೆ ಗೊತ್ತಾಗೋದು ಊರು ಬಿಟ್ಟಾಗ. ಐ.ಟಿ.ಲಿರೋರು ಒಂದು ಪ್ರಾಜೆಕ್ಟ್ ಮುಗಿದ್ರೆ ಇನ್ನೊಂದು ಊರು, ಅಲ್ಲೂ ಅದೇ ಡಾನ್ಸು ಅದೇ ಹೆಜ್ಜೆ, ಹೋದ ದಿನಾನೇ ನಿಮಗೆ ಎಂಟು ಜನ ಪರಿಚಯ.

ಒಂದು ಸಂಜೆಗೆ ಐದಾರು ಪೌಂಡ್ ಇರತ್ತೆ ಅಷ್ಟೆ. ಮೊದಲ ಎರಡು ತಿಂಗಳು ಪ್ಯಾಂಟಲ್ಲೇ ಹೋಗಿ, ಯಾರೂ ಏನೂ ಅನ್ನಲ್ಲ. ಜೋಡಿ ಕರ್ಕೊಂಡು ಹೋಗೋದೂ ಬೇಡ, ಪ್ರತಿ ಡಾನ್ಸಿಗೂ ಜೋಡಿ ಬದಲಾಯಿಸೋದೇ ಇಲ್ಲಿನ ಪದ್ಧತಿ. ಇದ್ರಿಂದ ಆಗೋ ಲಾಭ ಏನಂದ್ರೆ ಒಂದು ತಿಂಗಳಲ್ಲಿ ಹಾಲಲ್ಲಿರೋ ಪ್ರತಿಯೊಬ್ಬರ ಕೈ ಹಿಡಿದಿರ್ತೀರ, ನಾಚಿಕೆ ಸ್ವಭಾವದವರಿಗೆ ಮಾತು ಶುರು ಮಾಡೋ ಕಷ್ಟಾನೇ ಇಲ್ಲ, ಕೈ ಹಿಡಿದು ಸುತ್ತಿದ ಮೇಲೆ ಮಾತು ತಾನಾಗೇ ಬರತ್ತೆ. ಮಧ್ಯೆ ಟೀ ಬಿಸ್ಕತ್ತು. ಕುಡಿತ ಇಲ್ವೇ ಇಲ್ಲ ಅನ್ನಿ, ಕುಡಿದ್ರೆ ಹೆಜ್ಜೆ ಲೆಕ್ಕ ತಪ್ಪತ್ತೆ.

ಕೊರತೆ ಏನಪ್ಪಾ ಅಂದ್ರೆ ವಯಸ್ಸು. ನಮ್ಮ ಕ್ಲಾಸಲ್ಲಿ ಐವತ್ತಕ್ಕಿಂತ ಕಮ್ಮಿ ಇರೋರು ಮೂರೇ ಜನ. ಇಪ್ಪತ್ಮೂರರ ಹುಡುಗನಿಗೆ ಬೋರ್ ಹೊಡಿಯತ್ತೆ, ಅಂಥವರು ಯೂನಿವರ್ಸಿಟಿಗಳಲ್ಲಿ ಹುಡುಗರದ್ದೇ ಡಾನ್ಸ್ ಗುಂಪು ಇರತ್ತೆ, ಅಲ್ಲಿಗೆ ಹೋಗಿ. ಇನ್ನೊಂದು, ಕೆಲವು ಹಿರಿಯರಿಗೆ ಕಾಲ್ಬೆರಳು ಹೆಂಗಿರ್ಬೇಕು ಅನ್ನೋದರ ಬಗ್ಗೆ ಭರತನಾಟ್ಯದ ಗುರುಗಳಿಗಿಂತ ಜಾಸ್ತಿ ಸಿಟ್ಟು. ಬೈಸ್ಕೊಳ್ಳೋಕೆ ರೆಡಿ ಇರಿ. ಆದ್ರೆ ನನಗೆ ಕೋವಿಡ್ ಬಂದು ಮಲಗಿದ್ದಾಗ ಬಾಗಿಲ ಹೊರಗೆ ಸೂಪ್ ಡಬ್ಬಿ ಇಟ್ಟು ಹೋಗಿದ್ದು, ಎಡಗಾಲು ಸರಿ ಇಡು ಅಂತ ದಿನಾ ಬೈತಿದ್ದ ಅದೇ ಹೆಂಗಸು. ತರಕಾರಿದೇ, ಭಯ ಬೇಡ ಅಂತ ಚೀಟಿ ಬೇರೆ.

ಪೈಪ್ ಬ್ಯಾಂಡು

ಬ್ಯಾಗ್‌ಪೈಪು, ಡ್ರಮ್ಮು ಬಾರಿಸೋ ತಂಡ ಇದು. ಸಮಯ ಇದ್ದೋರಿಗೆ, ಹಟ ಇದ್ದೋರಿಗೆ ನಾನು ಮೊದಲು ಹೇಳೋದು ಇದನ್ನೇ. ಯಾಕಂದ್ರೆ ಎರಡನೇ ಪ್ರಶ್ನೆಗೆ ಇಲ್ಲಿ ಉತ್ತರ ಬಹಳ ಚೆನ್ನಾಗಿದೆ. ಕಿಲ್ಟ್ ಬ್ಯಾಂಡಿನದ್ದು. ತುಂಬ ಬ್ಯಾಂಡುಗಳಲ್ಲಿ ಕಿಲ್ಟು, ಜಾಕೆಟ್ಟು, ಟೋಪಿ ಎಲ್ಲ ಅವರೇ ಕೊಡ್ತಾರೆ, ಬಿಟ್ಟು ಹೋಗುವಾಗ ವಾಪಸ್ ಕೊಡ್ಬೇಕು. ಕಲಿಸೋದೂ ಎಷ್ಟೋ ಕಡೆ ಫ್ರೀ, ಹೊಸಬರು ಬರದಿದ್ರೆ ಬ್ಯಾಂಡ್ ಮುಚ್ಚತ್ತೆ ಅನ್ನೋದು ಅವರಿಗೂ ಗೊತ್ತು. ಊರಿನ ಹೆಸರಿರೋ ಬ್ಯಾಂಡು ಸಣ್ಣ ಪಟ್ಟಣಗಳಲ್ಲೂ ಇರತ್ತೆ, ನಮ್ಮ ಕಡೆ ಊರಿಗೊಂದು ಓಲಗದವರು ಇದ್ದಂಗೆ.

ಸಂಗೀತದ ವಿಷಯದಲ್ಲಿ ನಮ್ಮ ಕಿವಿಗೆ ಇದು ಹೊಸದೇನಲ್ಲ. ಬ್ಯಾಗ್‌ಪೈಪಲ್ಲಿ ಹೆಗಲ ಮೇಲೆ ನಿಂತಿರೋ ಮೂರು ಕೊಳವೆ ಇದೆಯಲ್ಲ, ಅದು ಬರೀ ಶ್ರುತಿ, ಎರಡು ಒಂದೇ ಸ್ಥಾಯಿ, ಒಂದು ಕೆಳಗಿಂದು. ರಾಗ ಬರೋದು ಕೆಳಗಿನ ಚಾಂಟರಿಂದ, ಅದೂ ಒಂಬತ್ತೇ ಸ್ವರ. ನಾದಸ್ವರದ ಪಕ್ಕ ಶ್ರುತಿ ಹಿಡಿದು ಕೂರ್ತಾರಲ್ಲ, ಅವರನ್ನೂ ಒಂದೇ ಚೀಲದೊಳಗೆ ಹಾಕಿ ಕಂಕುಳಲ್ಲಿ ಅವುಚ್ಕೊಂಡಂಗೆ. ಮತ್ತೆ ಜನವರಿ 29ರ ಬೀಟಿಂಗ್ ರಿಟ್ರೀಟಲ್ಲಿ ನಮ್ಮ ಸೇನೆಯ ಪೈಪ್ ಬ್ಯಾಂಡನ್ನ ಟೀವೀಲಿ ನೋಡಿದೋರಿಗೆ ಆ ಸದ್ದು ಪರಕೀಯ ಅನ್ಸಲ್ಲ.

ಕಷ್ಟ ಈಗ ಹೇಳ್ತೀನಿ. ಮೊದಲ ಆರು ತಿಂಗಳಿಂದ ಒಂದು ವರ್ಷ ನಿಮಗೆ ಪೈಪೇ ಕೊಡಲ್ಲ. ಪ್ರಾಕ್ಟೀಸ್ ಚಾಂಟರ್ ಅಂತ ಒಂದು ಕೊಳಲಿನ ಥರದ್ದು, ಅರವತ್ತರಿಂದ ನೂರು ಪೌಂಡ್ ಒಳಗೆ ಸಿಗತ್ತೆ, ಅದರಲ್ಲೇ ಸರಳೆ ವರಸೆ ಥರ ಉಜ್ಜಿ ಉಜ್ಜಿ ಕಲೀಬೇಕು, ಫ್ಲ್ಯಾಟಲ್ಲಿ ಪಕ್ಕದ ಮನೆಯವರು ಗೋಡೆ ತಟ್ತಾರೆ. ಆಮೇಲೆ ಪೈಪ್ ಸೆಟ್ಟು ಸ್ವಂತಕ್ಕೆ ತಗೊಂಡ್ರೆ ಸಾವಿರ ಪೌಂಡ್ ಆಸುಪಾಸು, ಕೆಲವು ಬ್ಯಾಂಡಲ್ಲಿ ಎರವಲು ಕೊಡ್ತಾರೆ, ಕೇಳಿ ನೋಡಿ. ವಾರಕ್ಕೆ ಎರಡು ಸಂಜೆ, ಬೇಸಿಗೆ ಬಂದ್ರೆ ಶನಿವಾರ ಎಲ್ಲ ಸ್ಪರ್ಧೆ. ಗ್ರೇಡ್ 1ರಿಂದ 4ಬಿವರೆಗೆ ದರ್ಜೆ ಮಾಡಿದಾರೆ, ಹೊಸಬರು ಇರೋದು ಕೆಳಗಿನ ಗ್ರೇಡಲ್ಲಿ. ಆಗಸ್ಟಲ್ಲಿ ಗ್ಲಾಸ್ಗೋ ಗ್ರೀನಲ್ಲಿ ವರ್ಲ್ಡ್ ಚಾಂಪಿಯನ್‌ಶಿಪ್ಪು, ಒಂದ್ಸಲ ಹೋಗಿ ನೋಡಿ. ಬ್ಯಾಂಡಿನವರು ಗುಂಡಗೆ ನಿಂತು ಒಬ್ಬರ ಮುಖ ಒಬ್ಬರು ನೋಡ್ಕೊಂಡು ಬಾರಿಸ್ತಾರೆ, ಪ್ರೇಕ್ಷಕರಿಗೆ ಕಾಣೋದು ಬರೀ ಬೆನ್ನು. ಆಗಲೇ ನನಗೆ ಗೊತ್ತಾಗಿದ್ದು ಕಿಲ್ಟಿನ ಅಂದ ಎಲ್ಲ ಹಿಂದೆ ಇದೆ ಅಂತ. ಇಪ್ಪತ್ತು ಜನರ ನಿರಿಗೇಲೂ ಒಂದೇ ಪಟ್ಟೆ ಒಂದೇ ಜಾಗದಲ್ಲಿ ಬರೋ ಹಂಗೆ ಹೊಲಿದಿರ್ತಾರೆ, ಕಾಲು ತಾಳಕ್ಕೆ ಅಲುಗಿದಾಗ ಅಷ್ಟೂ ನಿರಿಗೆ ಒಟ್ಟಿಗೆ ಅಲುಗತ್ತೆ.

ಪೈಪ್ ಊದೋಕೆ ಆಗಲ್ಲ ಅನ್ನೋರಿಗೆ ಡ್ರಮ್ ಇದೆ. ಸ್ನೇರ್ ಕಷ್ಟ. ಟೆನರ್ ಡ್ರಮ್ ಅಂತ ಇನ್ನೊಂದು, ಕೋಲನ್ನ ಗಾಳಿಯಲ್ಲಿ ತಿರುಗಿಸ್ತಾ ಬಾರಿಸೋದು, ನೋಡೋಕೆ ಡೊಳ್ಳು ಕುಣಿತದವರ ಗತ್ತು ನೆನಪಾಗತ್ತೆ, ಬೇಗ ಬ್ಯಾಂಡ್ ಒಳಗೆ ಸೇರ್ಬೇಕು ಅನ್ನೋರಿಗೆ ಇದೇ ಸರಿ. ಐದನೇ ಪರೀಕ್ಷೇಲಿ ಬ್ಯಾಂಡಿಗೆ ನೂರಕ್ಕೆ ನೂರು, ಮೂರು ವಾರ ಬೇಡ, ಒಂದು ಪ್ರಾಕ್ಟೀಸ್ ತಪ್ಪಿಸಿದ್ರೆ ಸಾಕು ಫೋನ್ ಬರತ್ತೆ. ಪ್ರೀತಿಯಿಂದಲೋ ಸಿಟ್ಟಿಂದಲೋ ಅನ್ನೋದು ಸ್ಪರ್ಧೆ ಎಷ್ಟು ಹತ್ರ ಇದೆ ಅನ್ನೋದರ ಮೇಲೆ.

ಟಾರ್ಟನ್ ಆರ್ಮಿ

ಆರ್‌ಸಿಬಿ ಅಭಿಮಾನಿಗಳು ಈ ಭಾಗ ಗಮನ ಇಟ್ಟು ಓದಿ. ಸ್ಕಾಟ್ಲೆಂಡ್ ಫುಟ್ಬಾಲ್ ಟೀಮಿನ ಅಭಿಮಾನಿಗಳಿಗೆ ಟಾರ್ಟನ್ ಆರ್ಮಿ ಅಂತಾರೆ, ಟಾರ್ಟನ್ ಅಂದ್ರೆ ಕಿಲ್ಟಿನ ಚೌಕಳಿ ಬಟ್ಟೆ. ನಾವು ಕಪ್ಪಿಗೆ ಹದಿನೆಂಟು ಸೀಸನ್ ಕಾದ್ವಿ, ಇವರು ಗಂಡಸರ ವಿಶ್ವಕಪ್ಪಿಗೆ ಬರೀ ಕಾಲಿಡೋಕೆ 1998ರಿಂದ ಕಾದ್ರು, 2025ರ ನವೆಂಬರಲ್ಲಿ ಗ್ಲಾಸ್ಗೋದ ಹ್ಯಾಂಪ್ಡೆನ್ ಸ್ಟೇಡಿಯಮ್ಮಲ್ಲಿ ಡೆನ್ಮಾರ್ಕನ್ನ 4-2ರಲ್ಲಿ ಸೋಲಿಸಿದ ಮೇಲೆ 2026ಕ್ಕೆ ಟಿಕೆಟ್ ಸಿಕ್ತು. ಅದಕ್ಕೂ ಮುಂಚೆ 2024ರ ಯೂರೋದಲ್ಲಿ ಮ್ಯೂನಿಕ್‌ನಲ್ಲಿ ಜರ್ಮನಿ 5-1ರಲ್ಲಿ ಚಚ್ಚಿ ಕಳಿಸಿತ್ತು, ಆದ್ರೂ ಆ ಬೇಸಿಗೇಲಿ ಜರ್ಮನಿಯ ಬೀದಿ ಬೀದೀಲಿ ಕಿಲ್ಟೇ ಕಿಲ್ಟು. ಸೋತ ಮೇಲೂ ಹಾಡೋ ಜನ ಅಂದ್ರೆ ನಮಗೆ ಹೇಳಿಕೊಡ್ಬೇಕಾ.

ಕಿಲ್ಟಿನ ಬಗ್ಗೆ ಇಲ್ಲಿ ಯಾವ ಮಡಿ ಮೈಲಿಗೇನೂ ಇಲ್ಲ. ಮೇಲೆ ಫುಟ್ಬಾಲ್ ಜರ್ಸಿ, ಕೆಳಗೆ ಬೂಟು, ಕಾಲುಚೀಲ ಇಳಿಬಿಟ್ಟಿರ್ತಾರೆ. ಪಾಲಿಯೆಸ್ಟರ್ ಮಿಶ್ರಿತ ಕಿಲ್ಟೇ ಒಳ್ಳೇದು, ಬಿಯರ್ ಚೆಲ್ಲೇ ಚೆಲ್ಲತ್ತೆ, ಉಣ್ಣೇದಾದ್ರೆ ಡ್ರೈಕ್ಲೀನಿಂಗ್ ಖರ್ಚು. ಬಟ್ಟೆಗೆ ಕಮ್ಮಿ, ಟಿಕೆಟ್ಟು ವಿಮಾನ ಹೋಟೆಲಿಗೆ ಜಾಸ್ತಿ, ಹೊರದೇಶದ ಮ್ಯಾಚಿಗೆ ಸಪೋರ್ಟರ್ಸ್ ಕ್ಲಬ್ಬಿನ ಮೆಂಬರ್ ಆಗಿ ಪಾಯಿಂಟ್ ಕೂಡಿಸ್ಬೇಕು. ನಮ್ಮ ಪಾಸ್‌ಪೋರ್ಟ್ ಇರೋರು ಷೆಂಗೆನ್ ವೀಸಾ ಲೆಕ್ಕಾನೂ ಹಾಕ್ಕೊಳ್ಳಿ, ಸ್ಕಾಟಿಷ್ ಗೆಳೆಯರಿಗೆ ಇದು ತಲೇಗೇ ಹೊಳೆಯಲ್ಲ, ನಾಳೆ ಹೊರಡೋಣ ಅಂದ್ಬಿಡ್ತಾರೆ. ಹ್ಯಾಂಪ್ಡೆನ್ ಒಳಗೆ ಸ್ಟ್ಯಾಂಡಲ್ಲಿ ಕೂರೋರಿಗೆ ಮದ್ಯ ಮಾರಲ್ಲ, 1980ರಿಂದ ಕಾನೂನೇ ಹಂಗಿದೆ, ಆದ್ರೆ ಅದಕ್ಕೆ ಮುಂಚಿನ ನಾಲ್ಕು ಗಂಟೆ ಪಬ್ಬಲ್ಲೇ. ಕುಡಿಯದೇ ಇರೋರು ಹೋಗ್ಬಹುದು, ನನ್ನ ಗೆಳೆಯ ಒಬ್ಬ ವರ್ಷಗಟ್ಟಲೆ ಕೋಕ್ ಕುಡ್ಕೊಂಡೇ ಇದಾನೆ, ಆದ್ರೆ ಕುಡಿದವರ ಮಧ್ಯೆ ಹೊತ್ತು ಕಳೆಯೋ ತಾಳ್ಮೆ ಬೇಕು. ಇವರ ಬಗ್ಗೆ ನನಗೆ ಇಷ್ಟ ಆಗಿದ್ದು ಇನ್ನೊಂದು, ಹೊರದೇಶಕ್ಕೆ ಮ್ಯಾಚಿಗೆ ಹೋದಾಗ ಅಲ್ಲಿನ ಮಕ್ಕಳ ಸಂಸ್ಥೆಗೆ ಅಭಿಮಾನಿಗಳೇ ದುಡ್ಡು ಕೂಡಿಸಿ ದೇಣಿಗೆ ಕೊಡ್ತಾರೆ, ಸನ್‌ಶೈನ್ ಅಪೀಲ್ ಅಂತ ಅದಕ್ಕೆ ಹೆಸರು.

ಹೈಲ್ಯಾಂಡ್ ಗೇಮ್ಸು, ಕುಲದ ಸಂಘ

ಹೈಲ್ಯಾಂಡ್ ಅಂದ್ರೆ ಇಲ್ಲಿನ ಬೆಟ್ಟಸೀಮೆ. ಬೇಸಿಗೆ ಬಂದ್ರೆ ಊರೂರಲ್ಲಿ ಆಟೋಟದ ಜಾತ್ರೆ. ಬ್ರೇಮಾರ್‌ದು ಸೆಪ್ಟೆಂಬರ್ ಮೊದಲ ಶನಿವಾರ, ರಾಜಮನೆತನದವರು ಬರೋದು ಅಲ್ಲಿಗೇ. ಡನೂನ್ ಊರಿನ ಕೌವಲ್ ಗೇಮ್ಸು ಆಗಸ್ಟ್ ಕೊನೆಗೆ. ತೊಲೆ ಎಸೆಯೋ ಆಟ ನೋಡಿರ್ತೀರ, ಎಷ್ಟು ದೂರ ಬಿತ್ತು ಅನ್ನೋದು ಲೆಕ್ಕಕ್ಕಿಲ್ಲ, ಪಲ್ಟಿ ಹೊಡೆದು ಗಡಿಯಾರದ ಹನ್ನೆರಡು ಗಂಟೆ ಮುಳ್ಳಿನ ಥರ ನೆಟ್ಟಗೆ ಬಿತ್ತಾ ಅನ್ನೋದೇ ಲೆಕ್ಕ. ಪ್ರೇಕ್ಷಕರಾಗಿ ಹೋದ್ರೆ ಒಂದು ದಿನದ ಮಜಾ ಅಷ್ಟೆ. ಸ್ವಯಂಸೇವಕರಾಗಿ ಸೇರಿ, ಕಾರ್ ಪಾರ್ಕಿಂಗ್ ನೋಡ್ಕೊಳ್ಳೋದು, ಹಗ್ಗ ಕಟ್ಟೋದು, ಆಗ ಜನ ಸಿಗ್ತಾರೆ. ಜಾತ್ರೇಲಿ ತೇರು ನೋಡೋರು ಬೇರೆ, ತೇರಿಗೆ ಮಿಣಿ ಕಟ್ಟೋರು ಬೇರೆ ಅಲ್ವಾ, ಊರಿನವರು ಅಂತ ಅನ್ನಿಸಿಕೊಳ್ಳೋದು ಎರಡನೆಯವರು.

ಕ್ಲ್ಯಾನ್ ಸೊಸೈಟಿಗಳು ಅಂದ್ರೆ ಮನೆತನದ ಹೆಸರಿನ ಸಂಘಗಳು, ಮ್ಯಾಕ್‌ಡೊನಾಲ್ಡ್, ಕ್ಯಾಂಪ್‌ಬೆಲ್ ಹಿಂಗೆ. ವಂಶವೃಕ್ಷ ಹುಡುಕ್ತಾ ಬರೋರೇ ಜಾಸ್ತಿ, ಗೌಡ, ಹೆಗಡೆ, ಪಾಟೀಲರಿಗೆ ಅಲ್ಲಿ ಟೆಂಟ್ ಇರಲ್ಲ. ಮದುವೆ ಸಂಬಂಧ ಇದ್ರೆ, ಗೆಳೆತನ ಇದ್ರೆ ಸೇರಿಸ್ಕೊಳ್ಳೋ ಸಂಘಗಳೂ ಇವೆ. ಇದು ಸ್ಕಾಟ್ಲೆಂಡಿಗಿಂತ ಅಮೆರಿಕದಲ್ಲೇ ಜೋರು. ನಾರ್ತ್ ಕ್ಯಾರೊಲೈನಾದ ಗ್ರ್ಯಾಂಡ್‌ಫಾದರ್ ಮೌಂಟನಲ್ಲಿ 1956ರಿಂದ ಗೇಮ್ಸ್ ನಡೀತಾ ಬಂದಿದೆ, ಈಗ ಜುಲೈನಲ್ಲಿ, ಸಾಲು ಸಾಲು ಕುಲದ ಟೆಂಟು, ರಾಲಿ, ಷಾರ್ಲೆಟ್ ಕಡೆ ಇರೋ ನಮ್ಮವರು ಮಕ್ಕಳನ್ನ ಕರ್ಕೊಂಡು ಹೋಗೋಕೆ ಚೆನ್ನಾಗಿದೆ. ಬಳಗ ಸಿಗತ್ತಾ ಅಂದ್ರೆ, ನನ್ನ ಅಭಿಪ್ರಾಯದಲ್ಲಿ ನಮಗೆ ಇದು ಕೊನೇ ಆಯ್ಕೆ.

ಬರ್ನ್ಸ್ ಸಪ್ಪರ್ ಬಗ್ಗೆ ಎರಡೇ ಮಾತು. 1759ರಲ್ಲಿ ಹುಟ್ಟಿದ ಕವಿ ರಾಬರ್ಟ್ ಬರ್ನ್ಸ್ ಜನ್ಮದಿನ, ಜನವರಿ 25, ಊಟ ಭಾಷಣ ಕವಿತೆ. ಸಸ್ಯಾಹಾರಿಗಳು ಹೆದರಬೇಡಿ, ಅವತ್ತಿನ ಮುಖ್ಯ ಅಡುಗೆ ಹ್ಯಾಗಿಸ್ ಕುರಿ ಮಾಂಸದ್ದಾದ್ರೂ, ಬೇಳೆಕಾಳು ಓಟ್ಸ್ ಹಾಕಿದ ಹ್ಯಾಗಿಸ್ 1984ರಿಂದ ಮಾರ್ಕೆಟಲ್ಲಿದೆ, ಖಾರ ಮೆಣಸು ಚೆನ್ನಾಗೇ ಬಿದ್ದಿರತ್ತೆ, ನನಗಂತೂ ಮುದ್ದೆ ಬಸ್ಸಾರಿನ ಪಕ್ಕ ಇಟ್ರೂ ನಡೆಯತ್ತೆ. ವರ್ಷಕ್ಕೊಂದೇ ಸಲ, ಬಾಡಿಗೆ ಕಿಲ್ಟ್ ಸಾಕು.

ಇನ್ನು ಕಿಲ್ಟ್‌ವಾಕ್. ಚಾರಿಟಿ ನಡಿಗೆ, ಗ್ಲಾಸ್ಗೋ, ಎಡಿನ್‌ಬರಾ, ಅಬರ್ಡೀನ್, ಡಂಡೀಲಿ ನಡೆಯತ್ತೆ, ಮೂರು ದೂರ ಇರತ್ತೆ, ಮಕ್ಕಳು ಮರಿ ಸಮೇತ ಸಣ್ಣದನ್ನ ನಡೀಬಹುದು. ಆಫೀಸಲ್ಲಿ ಒಂದು ಟೀಮ್ ಮಾಡ್ಕೊಳ್ಳಿ, ದಿನಾ ಹಾಯ್ ಬಾಯ್ ಅಷ್ಟೇ ಇದ್ದೋರು ಆರು ಗಂಟೆ ಜೊತೆಗೆ ನಡೆದ್ರೆ ಮಾತು ಬೇರೆಯೇ ಆಗತ್ತೆ. ಹೊಸ ಜನ ಸಿಗಲ್ಲ, ಇರೋ ಜನ ಹತ್ರ ಆಗ್ತಾರೆ.

ಈಗ ಕಿಲ್ಟಿನ ದುಡ್ಡು

ಬಾಡಿಗೆ ಪೂರ್ತಿ ಸೆಟ್ಟಿಗೆ, ಅಂದ್ರೆ ಜಾಕೆಟ್ಟು, ಮುಂದೆ ತೂಗೋ ಸ್ಪೊರನ್ ಚೀಲ, ಶೂ ಎಲ್ಲ ಸೇರಿ ಸುಮಾರು ಎಪ್ಪತ್ತರಿಂದ ನೂರಿಪ್ಪತ್ತು ಪೌಂಡ್. ವರ್ಷಕ್ಕೆ ಒಂದೋ ಎರಡೋ ಸಲ ಆದ್ರೆ ಇದೇ ಲಾಭ. ಪಾಲಿ ವಿಸ್ಕೋಸ್ ಅಂತ ಮಿಶ್ರ ಬಟ್ಟೇದು ಬರತ್ತೆ, ನೂರು ಪೌಂಡ್ ಆಸುಪಾಸು, ಮನೇಲೇ ಒಗೀಬಹುದು, ಕೇಲಿಗೆ ಫುಟ್ಬಾಲಿಗೆ ಸಾಕು. ರಾಯಲ್ ಮೈಲಿನ ನಲವತ್ತು ಪೌಂಡಿನದ್ದು ನಿರಿಗೆ ನಿಲ್ಲಲ್ಲ, ಎರಡು ಸಲ ಕೂತು ಎದ್ರೆ ಇಸ್ತ್ರಿ ಇಲ್ಲದ ಲುಂಗಿ ಆಗತ್ತೆ, ಆದ್ರೆ ರುಚಿ ನೋಡೋಕೆ ಪರವಾಗಿಲ್ಲ.

ಉಣ್ಣೇದರಲ್ಲಿ ಐದು ಗಜದ್ದು, ಎಂಟು ಗಜದ್ದು ಅಂತ ಎರಡು. ಐದು ಗಜದ್ದು ಇನ್ನೂರರಿಂದ ಮುನ್ನೂರು, ಹಗುರ, ಡಾನ್ಸ್ ಕ್ಲಾಸಿಗೆ ಹೇಳಿ ಮಾಡಿಸಿದ್ದು. ಎಂಟು ಗಜ, ಕೈ ಹೊಲಿಗೆ, ಹದಿನಾರು ಔನ್ಸ್ ಬಟ್ಟೆ ಅಂದ್ರೆ ನಾನೂರೈವತ್ತರಿಂದ ಏಳುನೂರು, ಎರಡು ಕೆಜಿ ಹತ್ರ ತೂಕ, ಹೊಲಿದು ಕೊಡೋಕೆ ಎರಡು ಮೂರು ತಿಂಗಳು. ಸುತ್ತಿದಾಗ ನಿರಿಗೆ ಛತ್ರಿ ಥರ ಬಿಚ್ಚಿ ವಾಪಸ್ ತಟ್ಟಂತ ಅದರ ಜಾಗಕ್ಕೇ ಬಂದು ಕೂರತ್ತೆ, ಆ ಸುಖ ಹಗುರದ್ದರಲ್ಲಿ ಇಲ್ಲ. ಬೆಲೆ ಕೇಳಿ ಎದೆ ಒಡ್ಕೋಬೇಡಿ, ಅಮ್ಮನ ರೇಷ್ಮೆ ಸೀರೆ ಲೆಕ್ಕ ಹಾಕಿ, ಹೊಟ್ಟೆ ಬೆಳೆದ್ರೆ ಬಕಲ್ ಸರಿಸಿ ಹೊಲೀಬಹುದು, ಅಪ್ಪನದ್ದು ಮಗ ಉಡ್ತಾನೆ. ನಾನು ತಗೊಂಡಿದ್ದು ಹೊಸದಲ್ಲ, ಚಾರಿಟಿ ಅಂಗಡೀಲಿ ನೂರಾ ಹತ್ತು ಪೌಂಡಿಗೆ ಹಳೇ ಎಂಟು ಗಜದ್ದು. ಒಳಗಿನ ಲೈನಿಂಗ್ ಮೇಲೆ ಯಾರದ್ದೋ ಹೆಸರು ಮಾಸಿದ ಇಂಕಲ್ಲಿ ಬರೆದಿದೆ, ಅಳಿಸಿಲ್ಲ, ಕೆಳಗೆ ನಂದೂ ಬರ್ದಿದೀನಿ. ತಾಳ್ಮೆಯಿಂದ ಹುಡುಕೋರಿಗೆ ಸೆಕೆಂಡ್ ಹ್ಯಾಂಡೇ ಸರಿ.

ಬೇರೆಯವರ ಕುಲದ ಟಾರ್ಟನ್ ಉಟ್ರೆ ತಪ್ಪಾ ಅಂತ ಎಲ್ರೂ ಕೇಳ್ತಾರೆ. ಕಾನೂನೇನೂ ಇಲ್ಲ. 1746ರಲ್ಲಿ ಕಾಯಿದೆ ತಂದು ಹೈಲ್ಯಾಂಡ್ ಗಂಡಸರು ಕಿಲ್ಟ್ ಉಡೋದನ್ನೇ ನಿಷೇಧ ಮಾಡಿದ್ರು, 1782ರಲ್ಲಿ ತೆಗೆದ್ರು, 1822ರಲ್ಲಿ ನಾಲ್ಕನೇ ಜಾರ್ಜ್ ದೊರೆ ಎಡಿನ್‌ಬರಾಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಎಲ್ರಿಗೂ ಟಾರ್ಟನ್ ಉಡ್ಸಿ ಮೆರವಣಿಗೆ ಮಾಡಿಸಿದ. ಈ ಕುಲಕ್ಕೆ ಈ ಟಾರ್ಟನ್ ಅನ್ನೋ ಪಟ್ಟಿ ಗಟ್ಟಿಯಾಗಿದ್ದು ಹೆಚ್ಚಾಗಿ ಆ ಕಾಲದಿಂದ ಈಚೆಗೆ. ಹಂಗಾಗಿ ತಲೆ ಕೆಡಿಸ್ಕೋಬೇಡಿ, ಬ್ಲ್ಯಾಕ್ ವಾಚ್, ಹಂಟಿಂಗ್ ಸ್ಟುವರ್ಟ್, ಊರಿನ ಹೆಸರಿನವು, ಇವನ್ನ ಯಾರು ಬೇಕಾದ್ರೂ ಉಡ್ತಾರೆ. ಬಾಲ್ಮೋರಲ್ ಮಾತ್ರ ಅರಮನೆಯವರದ್ದು, ಅದು ಬೇಡ. ಹೊಸದು ನೋಂದಾಯಿಸೋಕೆ 2009ರಿಂದ ಸರ್ಕಾರದ್ದೇ ರಿಜಿಸ್ಟರ್ ಇದೆ, ಸಿಂಗ್ ಟಾರ್ಟನ್ ಅಂತ ಆಗ್ಲೇ ಒಂದಿದೆ. ನಮ್ಮವರು ಹಳದಿ ಕೆಂಪಲ್ಲಿ ಒಂದು ಮಾಡಿಸ್ಬೇಕು ಅಂತ ಪ್ರತಿ ನವೆಂಬರಲ್ಲೂ ಮಾತಾಡ್ತಾರೆ, ಡಿಸೆಂಬರಲ್ಲಿ ಮರೀತಾರೆ.

ಕಾಲುಚೀಲದಲ್ಲಿ ಸಿಗ್ಸೋ ಸಣ್ಣ ಚಾಕು, ಸ್ಕಿಯನ್ ಡೂ ಅಂತಾರೆ, ಸ್ಕಾಟ್ಲೆಂಡಲ್ಲಿ ಕಿಲ್ಟ್ ಜೊತೆ ಇಟ್ಕೊಳ್ಳೋಕೆ ಕಾನೂನಲ್ಲಿ ವಿನಾಯ್ತಿ ಇದೆ, ಆದ್ರೆ ಸ್ಟೇಡಿಯಂ, ವಿಮಾನದ ಕ್ಯಾಬಿನ್ನಿಗೆ ತಗೊಂಡು ಹೋಗ್ಬೇಡಿ. ಒಳಗೆ ಏನು ಹಾಕ್ತೀರ ಅನ್ನೋ ಪ್ರಶ್ನೆ ಕಿಲ್ಟ್ ಉಟ್ಟ ಮೊದಲ ದಿನಾನೇ ಹತ್ತು ಸಲ ಬರತ್ತೆ. ಬಾಡಿಗೇದಾದ್ರೆ ಹಾಕ್ಕೊಳ್ಳಿ ಸ್ವಾಮಿ, ನಾಳೆ ಇನ್ನೊಬ್ಬರು ಉಡ್ತಾರೆ. ಡಾನ್ಸಿಗೂ ಹಾಕ್ಕೊಳ್ಳಿ. ಹೆಂಗಸರಿಗೆ ಬ್ಯಾಂಡಲ್ಲಿ ಗಂಡಸರ ಥರದ್ದೇ ಕಿಲ್ಟ್, ಡಾನ್ಸಲ್ಲಿ ಸಾಮಾನ್ಯವಾಗಿ ಲಂಗ ಫ್ರಾಕು, ಸಲ್ವಾರಲ್ಲಿ ಬರೋರೂ ಇದಾರೆ, ಸೀರೇಲಿ ರೀಲ್ ಕುಣಿಯೋಕೆ ಮಾತ್ರ ಧೈರ್ಯ ಬೇಕು.

ಆ ಮೂವರಿಗೆ ನಾನು ಹೇಳಿದ್ದು

ಎಂ.ಎಸ್ಸಿ ಹುಡುಗನಿಗೆ ದುಡ್ಡಿಲ್ಲ, ಒಂದೇ ವರ್ಷ ಇರೋದು, ಫುಟ್ಬಾಲ್ ಹುಚ್ಚು. ಅವನಿಗೆ ಯೂನಿವರ್ಸಿಟಿ ಡಾನ್ಸ್ ಗುಂಪು, ಜೊತೆಗೆ ಹ್ಯಾಂಪ್ಡೆನ್ ಮ್ಯಾಚಿದ್ದಾಗ ಪಬ್ಬು. ಬೀರೂಲಿರೋ ಕಿಲ್ಟೇ ಸಾಕು, ಇನ್ನೊಂದು ಪೈಸೆ ಹಾಕ್ಬೇಡ ಅಂದೆ. ಗಂಡ ಹೆಂಡತಿ ಮಕ್ಕಳಿಗೆ ಕಂಟ್ರಿ ಡಾನ್ಸು, ಮಕ್ಕಳನ್ನ ಸೇರಿಸ್ಕೊಳ್ಳೋ ಕ್ಲಾಸ್ ಹುಡುಕಿ ಅಂದೆ, ಅವರಿಗೆ ದುಡ್ಡಿನ ತೊಂದ್ರೆ ಇಲ್ಲ, ಆದ್ರೂ ಮೊದಲ ವರ್ಷ ಗಂಡಸಿಗೆ ಐದು ಗಜದ್ದಕ್ಕಿಂತ ಮೇಲೆ ಹೋಗ್ಬೇಡಿ ಅಂತ. ಮಕ್ಕಳಿಗೆ ಹೆಂಗಿದ್ರೂ ವರ್ಷಕ್ಕೊಂದು ಸೈಜು, ಅದು ಬಾಡಿಗೆ.

ನರ್ಸ್ ಹುಡುಗೀದು ಕಷ್ಟ ಆಯ್ತು. ನೈಟ್ ಶಿಫ್ಟು, ವಾರಕ್ಕೆ ಎರಡು ಸಂಜೆ ಗ್ಯಾರಂಟಿ ಕೊಡೋಕೆ ಆಗಲ್ಲ, ಲೆಕ್ಕ ಪ್ರಕಾರ ಬ್ಯಾಂಡ್ ಬೇಡ ಅನ್ಬೇಕಿತ್ತು. ಆದ್ರೆ ಅವಳು ಸ್ಕೂಲಲ್ಲಿ ಸೈಡ್ ಡ್ರಮ್ ಬಾರಿಸಿದೋಳು, ಮಾರ್ಚ್ ಪಾಸ್ಟಲ್ಲಿ ಮುಂದೆ ನಿಂತಿದ್ದೋಳು. ಸ್ಪರ್ಧೆಗೆ ಹೋಗೋ ಗುಂಪು ಬೇಡ, ಕಲಿಯೋರ ಗುಂಪಿಗೆ ಹೋಗು, ಶಿಫ್ಟ್ ವಿಷಯ ಮೊದಲ ದಿನಾನೇ ಹೇಳಿಬಿಡು, ಮುಚ್ಚಿಡಬೇಡ ಅಂದೆ. ಹೋದ ಭಾನುವಾರ ಫೋನ್ ಮಾಡಿದ್ಲು. ಟೆನರ್ ಡ್ರಮ್ ಕೊಟ್ಟಿದಾರಂತೆ, ಕೋಲು ತಿರುಗಿಸೋಕೆ ಹೋಗಿ ಪೈಪ್ ಮೇಜರ್, ಅಂದ್ರೆ ಬ್ಯಾಂಡಿನ ಮುಖ್ಯಸ್ಥರ, ಟೋಪಿಗೆ ಹೊಡೆದ್ಲಂತೆ. ನೈಟ್ ಡ್ಯೂಟಿ ಇದ್ದ ವಾರ ಹೋಗೋಕೆ ಆಗ್ಲಿಲ್ಲ, ಯಾರೋ ಒಬ್ಬರು ಪ್ರಾಕ್ಟೀಸ್ ರೆಕಾರ್ಡ್ ಮಾಡಿ ಕಳಿಸಿದ್ರಂತೆ. ಕಿಲ್ಟ್ ಇನ್ನೂ ಬಂದಿಲ್ಲ, ಹೊಕ್ಕಳ ಹತ್ರಾನೇ ಅಳತೆ ತಗೊಂಡ್ರು ಅಣ್ಣ, ನೀನು ಹೇಳಿದಂಗೆ ನಾನೇ ತೋರಿಸಿದೆ ಅಂದ್ಲು.